ಆನ್‌ಲೈನ್ ಪದವಿ ತರಗತಿ: ಒಂದು ವಾರದ ಪಾಠವನ್ನು ಕಟ್ಟುವುದು ಹೇಗೆ?

ಪದವಿ ಕಾಲೇಜಿನ ಅಧ್ಯಾಪಕರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ‘ಗೂಗಲ್ ಮೀಟ್‌ನಲ್ಲಿ ಎಪ್ಪತ್ತು ಹೆಸರು ಕಾಣುತ್ತವೆ, ಪ್ರಶ್ನೆ ಕೇಳಿದರೆ ಒಬ್ಬರೂ ಉಸಿರೆತ್ತುವುದಿಲ್ಲ. ಏನು ಮಾಡೋದು?’ ಒಳ್ಳೆಯ ಮೈಕು, ಡಿಜಿಟಲ್ ಪೆನ್ನು ಅಥವಾ ಇನ್ನೊಂದು ಆ್ಯಪ್ ಇದ್ದರೆ ಸರಿಹೋದೀತು ಎಂಬ ಆಸೆ ಆ ಪ್ರಶ್ನೆಯ ಹಿಂದೆಯೇ ಇರುತ್ತದೆ. ಸಲಕರಣೆಯಿಂದ ಇದು ಬಗೆಹರಿಯುವುದಿಲ್ಲ. ಕ್ಲಾಸ್‌ರೂಮಿನ ಒಂದು ಗಂಟೆಯ ಉಪನ್ಯಾಸವನ್ನು ಹಾಗೇ ಎತ್ತಿ ಪರದೆಯ ಮೇಲಿಟ್ಟರೆ, ಕೇಳುವವರಿಗೆ ಸುಮ್ಮನೆ ಕೂರುವುದನ್ನು ಬಿಟ್ಟು ಬೇರೆ ಕೆಲಸವೇ ಉಳಿಯುವುದಿಲ್ಲ.

ಹಾಗಾಗಿ ‘ಈ ವಾರ ನಾನು ಏನು ಹೇಳಲಿ’ ಎಂಬುದನ್ನು ಪಕ್ಕಕ್ಕಿಟ್ಟು, ‘ಈ ವಾರ ವಿದ್ಯಾರ್ಥಿ ಏನು ಮಾಡಬೇಕು’ ಎಂಬಲ್ಲಿಂದ ಯೋಜನೆ ಶುರುಮಾಡಿ. ಕೆಳಗಿನ ಹಂತಗಳೆಲ್ಲ ಇದರಿಂದಲೇ ಹುಟ್ಟಿದವು. ನಾನು ಅರ್ಥಶಾಸ್ತ್ರದವನಾದ್ದರಿಂದ ಉದಾಹರಣೆಗೆ ಬಿ.ಎ., ಬಿ.ಕಾಂ. ಎರಡರಲ್ಲೂ ಬರುವ ‘ಬೇಡಿಕೆಯ ಬೆಲೆ ಸ್ಥಿತಿಸ್ಥಾಪಕತ್ವ’ದ ಪಾಠವನ್ನು ತೆಗೆದುಕೊಂಡಿದ್ದೇನೆ. ಬೆಲೆ ಬದಲಾದಾಗ ಜನ ಕೊಳ್ಳುವ ಪ್ರಮಾಣ ಎಷ್ಟು ಬದಲಾಗುತ್ತದೆ ಎಂದು ಅಳೆಯುವ ಪಾಠ ಅದು. ನಿಮ್ಮದು ರಸಾಯನಶಾಸ್ತ್ರವೋ ಕನ್ನಡವೋ ಆದರೆ ನಿಮ್ಮ ಪಾಠವನ್ನು ಅಲ್ಲಿಟ್ಟು ಓದಿಕೊಳ್ಳಿ.

ಲಾಕ್‌ಡೌನ್ ಮುಗಿದ ಮೇಲೆ ಇದೆಲ್ಲ ಯಾಕೆ ಎನ್ನುವವರಿಗೆ ಒಂದು ಮಾಹಿತಿ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2021ರ ನಿಯಮಾವಳಿಯ ಪ್ರಕಾರ, ಒಂದು ಸೆಮಿಸ್ಟರಿನಲ್ಲಿ ಒಂದು ಪದವಿಗೆ ಇರುವ ಕೋರ್ಸುಗಳಲ್ಲಿ ಶೇ 40ರವರೆಗೆ ಕೇಂದ್ರ ಸರ್ಕಾರದ ‘ಸ್ವಯಂ’ ವೇದಿಕೆಯ ಆನ್‌ಲೈನ್ ಕೋರ್ಸುಗಳ ಮೂಲಕ ಪಡೆಯಲು ವಿಶ್ವವಿದ್ಯಾಲಯ ಅವಕಾಶ ಕೊಡಬಹುದು. 2016ರ ನಿಯಮದಲ್ಲಿ ಇದು ಶೇ 20 ಇತ್ತು. 2017ರಲ್ಲಿ ಶುರುವಾದ ಸ್ವಯಂನ ಕೋರ್ಸುಗಳಿಗೆ ನಾಲ್ಕು ಅಂಗ: ವಿಡಿಯೊ ಪಾಠ, ಓದುವ ಸಾಮಗ್ರಿ, ತಾನೇ ಪರೀಕ್ಷಿಸಿಕೊಳ್ಳುವ ಪ್ರಶ್ನೆಗಳು, ಚರ್ಚಾ ವೇದಿಕೆ. ನಾಲ್ಕರಲ್ಲಿ ಉಪನ್ಯಾಸದ ಪಾಲು ಒಂದೇ. ನಮ್ಮ ಬಹುಪಾಲು ಆನ್‌ಲೈನ್ ತರಗತಿಗಳಲ್ಲಿ ಮಿಕ್ಕ ಮೂರರ ಸುಳಿವೇ ಇರುವುದಿಲ್ಲ.

ಶುರುವಿಗೆ ಮುನ್ನ ಬೇಕಾದವು

ಒಂದು ಫೋನು ಅಥವಾ ಲ್ಯಾಪ್‌ಟಾಪ್, ಇಯರ್‌ಫೋನಿನ ಮೈಕು, ಪಾಠ–ಅಸೈನ್‌ಮೆಂಟ್ ಇಡಲು ಒಂದೇ ಒಂದು ಜಾಗ. ಆ ಜಾಗ ಗೂಗಲ್ ಕ್ಲಾಸ್‌ರೂಮ್ ಆಗಲಿ, ಮೂಡಲ್ ಆಗಲಿ, ಕಾಲೇಜು ಕೊಟ್ಟಿರುವ ಎಲ್‌ಎಂಎಸ್ ಆಗಲಿ, ನಡೆಯುತ್ತದೆ. ಪಾಠ, ಪರೀಕ್ಷೆ, ಅಂಕ, ಹಾಜರಿ ಎಲ್ಲವನ್ನೂ ಒಂದೇ ಕಡೆ ಇಡುವ ತಂತ್ರಾಂಶಕ್ಕೆ ಎಲ್‌ಎಂಎಸ್ ಅನ್ನುತ್ತಾರೆ. ವಿಡಿಯೊ ಯೂಟ್ಯೂಬಿನಲ್ಲಿ, ನೋಟ್ಸ್ ವಾಟ್ಸ್‌ಆ್ಯಪಿನಲ್ಲಿ, ಟೆಸ್ಟು ಇನ್ನೆಲ್ಲೋ ಇದ್ದರೆ ‘ಸರ್, ಲಿಂಕ್ ಮತ್ತೆ ಹಾಕಿ’ ಎಂಬ ಮೆಸೇಜಿಗೆ ಉತ್ತರ ಕೊಡುವುದರಲ್ಲೇ ಸೆಮಿಸ್ಟರ್ ಮುಗಿಯುತ್ತದೆ.

ಉಚಿತ ಖಾತೆಗಳ ಮಿತಿಯನ್ನೂ ನೋಡಿಕೊಳ್ಳಿ. ಜೂಮ್‌ನ ಉಚಿತ ಸಭೆ 40 ನಿಮಿಷಕ್ಕೆ ಕಡಿದುಹೋಗುತ್ತದೆ. ವೈಯಕ್ತಿಕ ಜಿಮೇಲಿನ ಮೀಟ್‌ನಲ್ಲಿ ಗುಂಪು ಸಭೆಗೆ 60 ನಿಮಿಷ, 100 ಜನರ ಮಿತಿ, ರೆಕಾರ್ಡಿಂಗ್ ಇಲ್ಲ. ಕಾಲೇಜಿನ ಹೆಸರಿನಲ್ಲಿ ಗೂಗಲ್‌ನ ಶಿಕ್ಷಣ ಖಾತೆ ಇದ್ದರೆ ಆ 60 ನಿಮಿಷದ ತಡೆ ಇರುವುದಿಲ್ಲ. ಇದೆಯೋ ಇಲ್ಲವೋ ಎಂದು ಪ್ರಾಂಶುಪಾಲರನ್ನು ಒಮ್ಮೆ ಕೇಳಿ. ಖಾತೆ ಇದ್ದೂ ಯಾರೂ ಬಳಸದ ಕಾಲೇಜುಗಳಿವೆ.

1. ಮೊದಲ ವಾರ ಪಾಠ ಬೇಡ, ವಿಚಾರಣೆ ಮಾಡಿ

ಆರೇಳು ಪ್ರಶ್ನೆಯ ಒಂದು ಫಾರ್ಮ್ ಕಳಿಸಿ. ಫೋನು ನಿಮ್ಮದೋ, ಮನೆಯಲ್ಲಿ ಹಂಚಿಕೊಳ್ಳುವುದೋ? ಹಂಚಿಕೊಳ್ಳುವುದಾದರೆ ನಿಮ್ಮ ಕೈಗೆ ಎಷ್ಟು ಹೊತ್ತಿಗೆ ಸಿಗುತ್ತದೆ? ಮನೆಯೊಳಗೆ ವಿಡಿಯೊ ನಿಲ್ಲದೆ ಓಡುತ್ತದೆಯೇ? ಕೆಲಸಕ್ಕೆ ಹೋಗುತ್ತೀರಾ, ಯಾವ ವೇಳೆ? ಪಿಯುಸಿವರೆಗೆ ಓದಿದ್ದು ಕನ್ನಡ ಮಾಧ್ಯಮವೋ ಇಂಗ್ಲಿಷೋ? ಕಣ್ಣು, ಕಿವಿಯ ತೊಂದರೆ ಏನಾದರೂ ಇದೆಯೇ? ಕೊನೆಯ ಪ್ರಶ್ನೆಯನ್ನು ಬಹಳ ಜನ ಕೇಳುವುದೇ ಇಲ್ಲ. ಕೇಳದೆ ಹೋದರೆ ಅವರಾಗಿ ಹೇಳುವುದೂ ಇಲ್ಲ.

ಉತ್ತರ ಬಂದ ಮೇಲೆ ಲೈವ್ ತರಗತಿಯ ವೇಳೆ ಗೊತ್ತುಮಾಡಿ. ಬೆಳಗ್ಗೆ ಹತ್ತಕ್ಕೆ ಅಪ್ಪನ ಜೊತೆ ಹೊಲಕ್ಕೋ ಅಂಗಡಿಗೋ ಹೋಗುವ ಫೋನು ರಾತ್ರಿ ಎಂಟಕ್ಕೆ ಮನೆಯಲ್ಲಿರುತ್ತದೆ. ಮಲೆನಾಡಿನಲ್ಲಿ, ಕರಾವಳಿಯ ಒಳಭಾಗದಲ್ಲಿ ಮಳೆಗಾಲ ಹಿಡಿದರೆ ಕರೆಂಟಿನ ಹಿಂದೆಯೇ ನೆಟ್‌ವರ್ಕೂ ಹೋಗುತ್ತದೆ. ಕೊರೊನಾ ಕಾಲದಲ್ಲಿ ಹುಡುಗರು ಕೊಡೆ ಹಿಡಿದು ಗುಡ್ಡದ ಮೇಲೆ ಕೂತು ಪಾಠ ಕೇಳಿದ್ದನ್ನು ಪತ್ರಿಕೆಗಳಲ್ಲಿ ನೋಡಿದ್ದೇವೆ. ಆಗ ಎಲ್ಲರೂ ಮಕ್ಕಳ ಛಲವನ್ನು ಹೊಗಳಿದೆವು. ಆ ಪಾಠ ನೇರಪ್ರಸಾರವೇ ಆಗಬೇಕಿತ್ತೇ ಎಂದು ಕೇಳಿದವರು ಕಡಿಮೆ.

ಇಲ್ಲಿ ಎರಡು ಪದ ಗೊತ್ತಿರಲಿ. ಎಲ್ಲರೂ ಒಂದೇ ಹೊತ್ತಿಗೆ ಸೇರುವುದು ಸಿಂಕ್ರೊನಸ್, ಅಂದರೆ ಲೈವ್. ಅವರವರ ಬಿಡುವಿನಲ್ಲಿ ನೋಡಿ, ಓದಿ, ಬರೆಯುವುದು ಅಸಿಂಕ್ರೊನಸ್. ವಿವರಣೆಯೆಲ್ಲ ಎರಡನೆಯದಕ್ಕೆ ಹೋಗಲಿ, ಲೈವ್ ಪೂರ್ತಿ ಲೆಕ್ಕ, ಪ್ರಶ್ನೆ, ವಾದಕ್ಕೆ ಮೀಸಲಾಗಲಿ.

2. ವಾರದ ಕೊನೆಯಿಂದ ಹಿಂದಕ್ಕೆ ಬನ್ನಿ

ಭಾನುವಾರ ರಾತ್ರಿಯ ಹೊತ್ತಿಗೆ ವಿದ್ಯಾರ್ಥಿ ಏನು ಮಾಡಿ ತೋರಿಸಬೇಕು? ಅದನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಸಿಲಬಸ್‌ನಲ್ಲಿ ‘ಕಲಿಕಾ ಫಲಿತ’ ಎಂದು ಬರುವುದು ಇದೇ. ಅಲ್ಲಿ ಸಾಮಾನ್ಯವಾಗಿ ‘ಸ್ಥಿತಿಸ್ಥಾಪಕತ್ವದ ಪರಿಕಲ್ಪನೆಯನ್ನು ಅರ್ಥೈಸಿಕೊಳ್ಳುವುದು’ ಎಂದಿರುತ್ತದೆ. ಅರ್ಥವಾಗಿದೆಯೋ ಇಲ್ಲವೋ ಎಂದು ಪರದೆಯ ಈಚೆಯಿಂದ ನೋಡುವುದು ಹೇಗೆ? ಬದಲಿಗೆ ‘ಎರಡು ಬೆಲೆ, ಎರಡು ಪ್ರಮಾಣ ಕೊಟ್ಟರೆ ಸ್ಥಿತಿಸ್ಥಾಪಕತ್ವ ಲೆಕ್ಕ ಹಾಕಿ, ಬೆಲೆ ಏರಿಸಿದರೆ ಮಾರುವವನ ಆದಾಯ ಏರುತ್ತದೋ ಇಳಿಯುತ್ತದೋ ಕಾರಣಸಹಿತ ಹೇಳುವುದು’ ಎಂದು ಬರೆಯಿರಿ. ವಿಡಿಯೊದಲ್ಲಿ ಏನಿರಬೇಕು, ಟೆಸ್ಟಿನಲ್ಲಿ ಏನು ಕೇಳಬೇಕು, ಲೈವ್‌ನಲ್ಲಿ ಏನು ಮಾಡಿಸಬೇಕು ಎಂಬುದು ಈ ವಾಕ್ಯದಿಂದಲೇ ಹೊರಡುತ್ತದೆ.

ವಾರದ ಚೌಕಟ್ಟು ಸೆಮಿಸ್ಟರ್ ಪೂರ್ತಿ ಒಂದೇ ಇರಲಿ. ಸೋಮವಾರ ಬೆಳಗ್ಗೆ ವಿಡಿಯೊ ಮತ್ತು ಓದು, ಬುಧವಾರ ರಾತ್ರಿಯೊಳಗೆ ಐದು ಪ್ರಶ್ನೆಯ ಟೆಸ್ಟು, ಗುರುವಾರ ಲೈವ್, ಭಾನುವಾರ ಬರವಣಿಗೆ. ಒಂದು ವಾರ ಶುಕ್ರವಾರ, ಇನ್ನೊಂದು ವಾರ ಮಂಗಳವಾರ ಮಾಡಿದರೆ ತಪ್ಪಿಸಿಕೊಳ್ಳುವವರಿಗೆ ನೀವೇ ನೆಪ ಕೊಟ್ಟಂತೆ.

3. ವಿಡಿಯೊ: ಚಿಕ್ಕದು, ಹಗುರವಾದದ್ದು

2014ರಲ್ಲಿ ಸಂಶೋಧಕ ಫಿಲಿಪ್ ಗುವೊ ಮತ್ತು ಸಂಗಡಿಗರು ಎಡ್‌ಎಕ್ಸ್ ಎಂಬ ಆನ್‌ಲೈನ್ ಕೋರ್ಸುಗಳ ವೇದಿಕೆಯ ನಾಲ್ಕು ಕೋರ್ಸುಗಳಲ್ಲಿ 69 ಲಕ್ಷ ವೀಕ್ಷಣೆಗಳ ದಾಖಲೆ ತೆಗೆದು ನೋಡಿದರು. ವಿಡಿಯೊ ಎಷ್ಟೇ ಉದ್ದವಿರಲಿ, ಜನ ನೋಡಿದ ಅವಧಿಯ ಮಧ್ಯಮಾಂಕ, ಅಂದರೆ ಏರಿಕೆ ಕ್ರಮದಲ್ಲಿಟ್ಟರೆ ನಟ್ಟನಡುವೆ ಬರುವ ಸಂಖ್ಯೆ, ಆರು ನಿಮಿಷ ದಾಟಲಿಲ್ಲ. ತರಗತಿಯಲ್ಲಿ ಹಿಡಿದ ಉಪನ್ಯಾಸವನ್ನು ತುಂಡು ಮಾಡಿ ಹಾಕಿದರೂ, ಆನ್‌ಲೈನಿಗೆಂದೇ ಮಾಡಿದ ವಿಡಿಯೊದಷ್ಟು ಅದು ಹಿಡಿದಿಡಲಿಲ್ಲ. ಪೆನ್ನು ಹಿಡಿದು ಬರೆಯುತ್ತ ಹೇಳಿದ್ದು, ಬರೇ ಸ್ಲೈಡ್ ತೋರಿಸಿದ್ದಕ್ಕಿಂತ ಮೇಲಾಯಿತು. ನಮ್ಮ ವಿದ್ಯಾರ್ಥಿಗಳಿಗೆ ತಲೆಯ ಮೇಲೆ ಪರೀಕ್ಷೆ ಇರುವುದರಿಂದ ಇನ್ನೂ ಸ್ವಲ್ಪ ಹೊತ್ತು ಕೂತಾರು. ಆದರೂ ಹತ್ತು ನಿಮಿಷ ಮೀರಬೇಡಿ. ಒಂದು ವಿಡಿಯೊಗೆ ಒಂದೇ ಪ್ರಶ್ನೆ ಇಟ್ಟುಕೊಳ್ಳಿ: ‘ಇಳುವರಿ ಚೆನ್ನಾಗಿ ಬಂದ ವರ್ಷವೇ ಟೊಮೆಟೊ ಬೆಳೆಗಾರನ ಆದಾಯ ಏಕೆ ಬೀಳುತ್ತದೆ?’ ಎಂದು ಶುರುಮಾಡಿದರೆ ವ್ಯಾಖ್ಯಾನ ತಾನಾಗಿ ಬರುತ್ತದೆ.

ತೂಕದ ಲೆಕ್ಕಕ್ಕೆ ಬರೋಣ. ಒಂದು ಸೆಕೆಂಡಿನ ವಿಡಿಯೊಗೆ ಎಷ್ಟು ಡೇಟಾ ಬೇಕು ಎಂಬುದನ್ನು ಬಿಟ್‌ರೇಟ್ ಅನ್ನುತ್ತಾರೆ. ಸೆಕೆಂಡಿಗೆ 2,500 ಕಿಲೊಬಿಟ್‌ನಲ್ಲಿ ಹಿಡಿದ ಹತ್ತು ನಿಮಿಷದ ಎಚ್‌ಡಿ ವಿಡಿಯೊ ಸುಮಾರು 187 ಎಂಬಿ ಆಗುತ್ತದೆ. ಅದನ್ನೇ 500 ಕಿಲೊಬಿಟ್‌ನಲ್ಲಿ ಹಿಡಿದರೆ 37 ಎಂಬಿ. ಬಿಳಿ ಹಾಳೆಯ ಮೇಲೆ ಕೈಬರಹ ಕಾಣಲು 500 ಧಾರಾಳ ಸಾಕು. ಪರದೆಯಲ್ಲಿ ಅಲುಗಾಡುವುದು ಪೆನ್ನಿನ ತುದಿ ಮಾತ್ರ. ಬರೇ ದನಿಯನ್ನು 32 ಕಿಲೊಬಿಟ್‌ನಲ್ಲಿ ಉಳಿಸಿದರೆ ಅದೇ ಹತ್ತು ನಿಮಿಷಕ್ಕೆ 2.4 ಎಂಬಿ. ಐದು ವಿಷಯದ ಅಧ್ಯಾಪಕರು ವಾರಕ್ಕೆ ಮೂರು ಮೂರು ಎಚ್‌ಡಿ ವಿಡಿಯೊ ಹಾಕಿದರೆ ವಿದ್ಯಾರ್ಥಿಯ ಪ್ಯಾಕಿನಿಂದ ಎರಡೂಮುಕ್ಕಾಲು ಜಿಬಿ ಹೋಯಿತು. ಒಬಿಎಸ್ ಸ್ಟುಡಿಯೊ ಎಂಬ ಉಚಿತ ತಂತ್ರಾಂಶದ ಸೆಟ್ಟಿಂಗ್ಸ್‌ನಲ್ಲಿ ಬಿಟ್‌ರೇಟನ್ನು ನೀವೇ ಹೊಂದಿಸಬಹುದು. ವಿಡಿಯೊ ಜೊತೆಗೆ ದನಿಯ ಕಡತವನ್ನೂ, ಬರೆದ ಹಾಳೆಯ ಫೋಟೊವನ್ನೂ ಹಾಕಿ. ನೆಟ್‌ವರ್ಕ್ ಇಲ್ಲದ ಊರಿನ ಹುಡುಗಿಗೆ ಆ ಎರಡೇ ಪಾಠ.

ಎಡವುವ ಜಾಗ: ಸ್ಲೈಡಿನಲ್ಲಿ ಇರುವುದನ್ನೇ ಗಟ್ಟಿಯಾಗಿ ಓದುವುದು. ಕಣ್ಣು ಒಂದು ವೇಗದಲ್ಲಿ ಓದುತ್ತದೆ, ನಿಮ್ಮ ದನಿ ಇನ್ನೊಂದು ವೇಗದಲ್ಲಿ ಬರುತ್ತದೆ. ಎರಡೂ ಒಂದಕ್ಕೊಂದು ಅಡ್ಡಬರುತ್ತವೆ. ಮನೋವಿಜ್ಞಾನಿ ರಿಚರ್ಡ್ ಮೇಯರ್ ಅವರ ಬಹುಮಾಧ್ಯಮ ಕಲಿಕೆಯ ಸಂಶೋಧನೆ ಇದನ್ನು ಹೇಳಿ ಎಷ್ಟೋ ವರ್ಷವಾಯಿತು. ಸ್ಲೈಡಿನಲ್ಲಿ ರೇಖಾಚಿತ್ರ ಇರಲಿ, ಮಾತು ನಿಮ್ಮ ಬಾಯಲ್ಲಿ ಇರಲಿ. ಇನ್ನೊಂದು: ಆನ್‌ಲೈನ್ ಎಂದ ಕೂಡಲೇ ನಿಧಾನವಾಗಿ, ಅಕ್ಷರ ಬಿಡಿಸಿ ಬಿಡಿಸಿ ಮಾತಾಡುವವರಿದ್ದಾರೆ. ಬೇಕಿಲ್ಲ. ಅರ್ಥವಾಗದವರು ಹಿಂದಕ್ಕೆ ಎಳೆದು ನೋಡುತ್ತಾರೆ. ನಿಮ್ಮ ಮಾಮೂಲಿ ಉತ್ಸಾಹದಲ್ಲೇ ಮಾತಾಡಿ.

4. ನೋಟ್ಸ್ ಯೂನಿಕೋಡಿನಲ್ಲಿರಲಿ

‘ನುಡಿ’, ‘ಬರಹ’ ಎಂಬ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಟೈಪಿಸಿದ ವರ್ಡ್ ಕಡತವನ್ನು ಹಾಗೇ ಕಳಿಸಿದರೆ ಫೋನಿನಲ್ಲಿ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರ, ಚಿಹ್ನೆಗಳ ಸಾಲು ಕಾಣುತ್ತದೆ. ಪಿಡಿಎಫ್ ಮಾಡಿದರೆ ಕಣ್ಣಿಗೇನೋ ಸರಿ ಕಂಡೀತು. ಆದರೆ ಅದರಲ್ಲಿ ಪದ ಹುಡುಕಲು ಬರುವುದಿಲ್ಲ, ನಕಲಿಸಲು ಬರುವುದಿಲ್ಲ, ಅಂಧ ವಿದ್ಯಾರ್ಥಿಗಳು ಬಳಸುವ ಎನ್‌ವಿಡಿಎಯಂಥ ಓದುವ ತಂತ್ರಾಂಶಕ್ಕೂ ಓದಲಾಗುವುದಿಲ್ಲ. ಹಳೆಯ ನೋಟ್ಸನ್ನು ಒಮ್ಮೆ, ಎಲ್ಲ ಫೋನು, ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತವಾದ ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳನ್ನು ಕಣ್ಣಾಡಿಸಿ ತಿದ್ದಿಕೊಳ್ಳಿ. ಅರ್ಕಾವತ್ತು ಇರುವ ಪದಗಳನ್ನು ಮೊದಲು ನೋಡಿ, ತಪ್ಪು ಹೆಚ್ಚಾಗಿ ಅಲ್ಲೇ ಇರುತ್ತದೆ.

ನಲವತ್ತು ಪುಟದ ಪಿಡಿಎಫ್ ಕಳಿಸಿ ‘ಓದಿಕೊಳ್ಳಿ’ ಎನ್ನಬೇಡಿ. ನಾಲ್ಕು ಪುಟ, ಮೇಲೆ ಎರಡು ಪ್ರಶ್ನೆ. ಪ್ರಶ್ನೆ ಮೊದಲು, ಓದು ಆಮೇಲೆ.

5. ಐದು ಪ್ರಶ್ನೆಯ ಟೆಸ್ಟು: ತಪ್ಪು ಉತ್ತರಗಳನ್ನು ಯೋಚಿಸಿ ಇಡಿ

ಇಡೀ ವಾರದಲ್ಲಿ ನೀವು ಹೆಚ್ಚು ಹೊತ್ತು ಕಳೆಯಬೇಕಾದದ್ದು ಇಲ್ಲಿ. ಟೆಸ್ಟು ಎಂದರೆ ಅಂಕ ಎಂದುಕೊಂಡಿದ್ದೇವೆ. ಅದು ಕಲಿಸುವ ಸಾಧನವೂ ಹೌದು. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವರು ಒಂದು ಗದ್ಯಭಾಗವನ್ನು ಮತ್ತೆ ಓದಿದರು, ಕೆಲವರು ಪುಸ್ತಕ ಮುಚ್ಚಿ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರು ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ನೆನಪಿನಿಂದ ಬರೆದವರೇ ಮುಂದಿದ್ದರು.

ಪ್ರಶ್ನೆ ಹೀಗಿರಲಿ: ‘ಟೊಮೆಟೊ ಬೆಲೆ ಕೆಜಿಗೆ 20 ರೂಪಾಯಿಯಿಂದ 30ಕ್ಕೆ ಏರಿತು. ಒಂದು ಮನೆಯವರು ವಾರಕ್ಕೆ ಕೊಳ್ಳುತ್ತಿದ್ದ 5 ಕೆಜಿ 4 ಕೆಜಿಗೆ ಇಳಿಯಿತು. ಮೊದಲಿನ ಬೆಲೆ, ಪ್ರಮಾಣವನ್ನೇ ಆಧಾರವಾಗಿಟ್ಟುಕೊಂಡು ಸ್ಥಿತಿಸ್ಥಾಪಕತ್ವ ಎಷ್ಟು ಹೇಳಿ. ಋಣ ಚಿಹ್ನೆ ಬಿಡಿ.’ ಆಯ್ಕೆಗಳು 0.1, 0.4, 0.75, 2.5.

ಸರಿ ಉತ್ತರ 0.4. ಪ್ರಮಾಣ ಶೇ 20 ಇಳಿಯಿತು, ಬೆಲೆ ಶೇ 50 ಏರಿತು. 20ನ್ನು 50ರಿಂದ ಭಾಗಿಸಿದರೆ ಬಂತು. ಮಿಕ್ಕ ಮೂರೂ ಸುಮ್ಮನೆ ಇಟ್ಟ ಸಂಖ್ಯೆಗಳಲ್ಲ. 2.5 ಒತ್ತಿದವನು ಸೂತ್ರವನ್ನು ತಲೆಕೆಳಗು ಮಾಡಿದ್ದಾನೆ, 50ನ್ನು 20ರಿಂದ ಭಾಗಿಸಿದ್ದಾನೆ. 0.1 ಒತ್ತಿದವನು ಶೇಕಡಾವಾರು ತೆಗೆದೇ ಇಲ್ಲ, 1 ಕೆಜಿಯನ್ನು 10 ರೂಪಾಯಿಯಿಂದ ನೇರ ಭಾಗಿಸಿದ್ದಾನೆ. ರೇಖೆಯ ಇಳಿಜಾರಿಗೂ ಸ್ಥಿತಿಸ್ಥಾಪಕತ್ವಕ್ಕೂ ವ್ಯತ್ಯಾಸ ತಿಳಿದಿಲ್ಲ. 0.75 ಒತ್ತಿದವನು ಶೇಕಡಾವಾರನ್ನು ಹೊಸ ಬೆಲೆ, ಹೊಸ ಪ್ರಮಾಣದ ಮೇಲೆ ತೆಗೆದಿದ್ದಾನೆ. ಎಪ್ಪತ್ತು ಜನರಲ್ಲಿ ಯಾರು ಯಾವುದನ್ನು ಒತ್ತಿದರು ಎಂದು ಬುಧವಾರ ರಾತ್ರಿ ನೋಡಿದರೆ ಗುರುವಾರದ ಲೈವ್‌ನಲ್ಲಿ ಏನು ಮಾಡಬೇಕು ಎಂಬುದು ಬರೆದಿಟ್ಟಂತೆ ಸಿಗುತ್ತದೆ. ‘ಎಲ್ಲರಿಗೂ ಅರ್ಥವಾಯಿತಾ?’ ಎಂದು ಕೇಳಿ ‘ಯೆಸ್ ಸರ್’ ಎನ್ನಿಸಿಕೊಳ್ಳುವುದರಿಂದ ಇದು ಯಾವ ಜನ್ಮಕ್ಕೂ ತಿಳಿಯುವುದಿಲ್ಲ.

ಗೂಗಲ್ ಫಾರ್ಮ್ಸ್‌ನಲ್ಲಿ ಕ್ವಿಜ್ ಆಯ್ಕೆ ಹಾಕಿದರೆ ತಪ್ಪು ಉತ್ತರಕ್ಕೆಲ್ಲ ಒಂದೇ ವಿವರಣೆ ಕೊಡಬಹುದು. ಪ್ರತಿ ತಪ್ಪಿಗೂ ಬೇರೆ ವಿವರಣೆ ಬೇಕಿದ್ದರೆ, ಉತ್ತರಕ್ಕೆ ತಕ್ಕಂತೆ ಬೇರೆ ಬೇರೆ ವಿಭಾಗಕ್ಕೆ ಕಳಿಸುವ ಸೌಲಭ್ಯ ಬಳಸಿ. ಮೂಡಲ್‌ನಲ್ಲಿ ಪ್ರತಿ ಆಯ್ಕೆಗೂ ನೇರವಾಗಿ ಟಿಪ್ಪಣಿ ಬರೆಯಬಹುದು.

ಈ ಟೆಸ್ಟಿಗೆ ಬಹಳ ಕಡಿಮೆ ಅಂಕ ಇಡಿ, ಎಷ್ಟು ಸಲ ಬೇಕಾದರೂ ಮಾಡಲು ಬಿಡಿ. ಗುರುವಾರದ ಲೆಕ್ಕಕ್ಕೆ ಮೊದಲ ಯತ್ನವನ್ನು ಮಾತ್ರ ನೋಡಿ. ಅಂಕ ಹೆಚ್ಚಿಟ್ಟ ದಿನವೇ ಉತ್ತರಗಳ ಸ್ಕ್ರೀನ್‌ಶಾಟ್ ಗುಂಪಿನಲ್ಲಿ ಓಡಾಡುತ್ತದೆ. ಆಮೇಲೆ ನಿಮಗೆ ಸಿಗುವ ಮಾಹಿತಿಯೆಲ್ಲ ಸುಳ್ಳು.

6. ಲೈವ್ ತರಗತಿ: ಗಂಟೆಯಲ್ಲಿ ನಿಮ್ಮ ಮಾತು ಹದಿನೈದು ನಿಮಿಷ

ಮೊದಲ ಐದು ನಿಮಿಷ ಮಾತುಕತೆ, ಸೇರುವವರು ಸೇರುತ್ತಿರುತ್ತಾರೆ. ಆಮೇಲೆ ಬುಧವಾರದ ಟೆಸ್ಟಿನಲ್ಲಿ ಹೆಚ್ಚು ಜನ ಎಡವಿದ ಒಂದೇ ಪ್ರಶ್ನೆ ಎತ್ತಿಕೊಳ್ಳಿ. ಉತ್ತರ ಹೇಳಬೇಡಿ. ಹಾರ್ವರ್ಡಿನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದ ಆರಂಭದಿಂದ ಬೆಳೆಸಿದ ‘ಪೀರ್ ಇನ್‌ಸ್ಟ್ರಕ್ಷನ್’ ಎಂಬ ವಿಧಾನ ಇಲ್ಲಿ ಚೆನ್ನಾಗಿ ಕೂರುತ್ತದೆ. ಸಹಪಾಠಿಗಳೇ ಒಬ್ಬರಿಗೊಬ್ಬರು ಹೇಳಿಕೊಡುವುದು ಎಂದು ಅರ್ಥ. ಕ್ರಮ ಹೀಗೆ:

ಪ್ರಶ್ನೆ ಪರದೆಯ ಮೇಲಿಡಿ. ‘ಚಾಟ್‌ನಲ್ಲಿ ಉತ್ತರ ಬರೆದಿಟ್ಟುಕೊಳ್ಳಿ, ಕಳಿಸಬೇಡಿ’ ಎನ್ನಿ. ಎರಡು ನಿಮಿಷ ಬಿಟ್ಟು ‘ಈಗ ಎಲ್ಲರೂ ಕಳಿಸಿ’ ಎನ್ನಿ. ಹೀಗೆ ಮಾಡಿದರೆ ಮೊದಲನೆಯವನ ಉತ್ತರ ನೋಡಿ ಮಿಕ್ಕವರು ಅದನ್ನೇ ಹಾಕುವುದು ತಪ್ಪುತ್ತದೆ. ಸರಿ ಉತ್ತರ ಬಹುಪಾಲು ಬಂದಿದ್ದರೆ ಮುಂದೆ ಹೋಗಿ. ಮೂರನೇ ಒಂದು ಭಾಗದಿಂದ ಮೂರನೇ ಎರಡು ಭಾಗದಷ್ಟು ಜನ ಸರಿ ಹೇಳಿದ್ದರೆ ಅದೇ ಒಳ್ಳೆಯ ಹದ. ಮೊದಲೇ ಗೊತ್ತುಮಾಡಿದ ಜೋಡಿಗಳಲ್ಲಿ ಮೂರು ನಿಮಿಷ ವಾದ ಮಾಡಲು ಬಿಡಿ. ಬ್ರೇಕ್‌ಔಟ್ ರೂಮ್, ಅಂದರೆ ಸಭೆಯೊಳಗಿನ ಚಿಕ್ಕ ಕೋಣೆ, ಇದ್ದರೆ ಸರಿ. ಇಲ್ಲದಿದ್ದರೆ ಮೆಸೇಜಿನಲ್ಲೇ ಆಗಲಿ. ನಂತರ ಮತ್ತೆ ಒಮ್ಮೆ ಉತ್ತರ ಕೇಳಿ, ಬದಲಾಯಿಸಿದ ಒಬ್ಬರನ್ನು ಏಕೆ ಬದಲಾಯಿಸಿದಿರಿ ಎಂದು ಕೇಳಿ. ಮೂರನೇ ಒಂದಕ್ಕಿಂತ ಕಡಿಮೆ ಜನ ಸರಿ ಹೇಳಿದ್ದರೆ ಮಾತ್ರ ನೀವು ಮತ್ತೆ ವಿವರಿಸಿ.

ಪ್ರಶ್ನೆ ಕೇಳಿದ ಮೇಲೆ ಕಾಯುವುದನ್ನು ಕಲಿಯಿರಿ. ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ಶಾಲಾ ತರಗತಿಗಳ ರೆಕಾರ್ಡಿಂಗ್ ಕೇಳಿ, ಶಿಕ್ಷಕರು ಸರಾಸರಿ ಒಂದು ಸೆಕೆಂಡೂ ಕಾಯುವುದಿಲ್ಲ, ಮೂರು ಸೆಕೆಂಡು ಕಾದರೆ ಉತ್ತರಗಳು ಉದ್ದವೂ ಸತ್ವಯುತವೂ ಆಗುತ್ತವೆ ಎಂದು ತೋರಿಸಿದರು. ಆನ್‌ಲೈನಿನಲ್ಲಿ ದನಿ ತಡವಾಗಿ ತಲುಪುತ್ತದೆ, ಹುಡುಗರು ಮ್ಯೂಟ್ ತೆಗೆಯಬೇಕು, ಮನೆಯಲ್ಲಿ ಟಿವಿ ದನಿ ಕಡಿಮೆ ಮಾಡಿಸಬೇಕು. ಮನಸ್ಸಿನಲ್ಲಿ ಹತ್ತು ಎಣಿಸಿ. ಆ ಹತ್ತು ಸೆಕೆಂಡು ಅಧ್ಯಾಪಕರಿಗೆ ಹಿಂಸೆ, ನಿಜ.

ಮುಖ ತೋರಿಸಿ ಎಂದು ಒತ್ತಾಯ ಬೇಡ. ಒಂದೇ ಕೋಣೆಯ ಮನೆ, ಹಿಂದೆ ಓಡಾಡುವ ಮನೆಮಂದಿ, ಸಾಕಾಗದ ಡೇಟಾ. ಕ್ಯಾಮೆರಾ ಆರಿಸಿಡಲು ನೂರು ಕಾರಣ ಇರುತ್ತವೆ. ಇದ್ದಾರೋ ಇಲ್ಲವೋ ಎಂಬುದು ಚಾಟ್‌ನ ಉತ್ತರದಿಂದ ತಿಳಿಯುತ್ತದೆ. ಹಾಜರಿಯನ್ನೂ ಅದರಿಂದಲೇ ಹಾಕಿದರೆ ಲಾಗಿನ್ ಆಗಿ ಮಲಗುವ ಪದ್ಧತಿ ತಾನಾಗಿ ಕಡಿಮೆಯಾಗುತ್ತದೆ. ಕನ್ನಡದಲ್ಲಿ, ಕಂಗ್ಲಿಷಿನಲ್ಲಿ, ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಹೇಗೆ ಬರೆದರೂ ಸರಿ ಎಂದು ಮೊದಲ ದಿನವೇ ಹೇಳಿಬಿಡಿ. ಮೌನದ ಅರ್ಧ ಪಾಲು ಭಾಷೆಯ ಅಂಜಿಕೆ.

7. ವಾಟ್ಸ್‌ಆ್ಯಪ್ ಗುಂಪು

ಇದಿಲ್ಲದೆ ನಮ್ಮಲ್ಲಿ ಯಾವ ಕೋರ್ಸೂ ನಡೆಯುವುದಿಲ್ಲ. ಆದರೆ ಸಾಮಾನ್ಯ ಗುಂಪಿಗೆ ಸೇರಿಸಿದ ಕೂಡಲೇ ಪ್ರತಿಯೊಬ್ಬರ ನಂಬರು ಎಲ್ಲರಿಗೂ ಕಾಣುತ್ತದೆ. ಹುಡುಗಿಯರಿಗೆ ಇದರಿಂದ ಆಗುವ ಕಿರಿಕಿರಿ ಅಧ್ಯಾಪಕರ ಕಿವಿಗೆ ಬೀಳುವುದು ಅಪರೂಪ. ಪ್ರಕಟಣೆಗೆ ವಾಟ್ಸ್‌ಆ್ಯಪ್ ಚಾನೆಲ್ ಮಾಡಿ. ಅಲ್ಲಿ ಹಿಂಬಾಲಕರ ನಂಬರು ಇತರ ಹಿಂಬಾಲಕರಿಗೆ ಕಾಣುವುದಿಲ್ಲ. ಚರ್ಚೆ, ಡೌಟುಗಳನ್ನು ಗೂಗಲ್ ಕ್ಲಾಸ್‌ರೂಮ್ ಅಥವಾ ಎಲ್‌ಎಂಎಸ್‌ನಲ್ಲಿಡಿ. ರಾತ್ರಿ ಒಂಬತ್ತರ ನಂತರ ಉತ್ತರವಿಲ್ಲ ಎಂದು ಮೊದಲೇ ಬರೆದು ಹಾಕಿ. ಆ ನಿಯಮವನ್ನು ಮುರಿಯುವವರಲ್ಲಿ ನೀವು ಮೊದಲಿಗರಾಗಬೇಡಿ.

ಚರ್ಚೆಗೆ ಇಡುವ ಪ್ರಶ್ನೆಗೆ ಒಂದೇ ಸರಿ ಉತ್ತರ ಇದ್ದರೆ ಒಬ್ಬ ಬರೆಯುತ್ತಾನೆ, ಮಿಕ್ಕವರು ‘ಸೇಮ್ ಆನ್ಸರ್ ಸರ್’ ಎನ್ನುತ್ತಾರೆ. ‘ನಿಮ್ಮ ಮನೆಯಲ್ಲಿ ಬೆಲೆ ಏರಿದರೂ ಕೊಳ್ಳುವುದು ಕಡಿಮೆಯಾಗದ ಒಂದು ವಸ್ತು ಯಾವುದು, ಯಾಕೆ?’ ಎಂದು ಕೇಳಿ ನೋಡಿ. ಉಪ್ಪು, ಗ್ಯಾಸು ಬರುತ್ತವೆ. ಅಪ್ಪನ ಬೀಡಿಯೂ ಬರುತ್ತದೆ.

8. ಅಸೈನ್‌ಮೆಂಟ್: ಒಬ್ಬೊಬ್ಬರಿಗೂ ಒಂದೊಂದು ಲೆಕ್ಕ

ನಕಲು ತಡೆಯಲು ಕ್ಯಾಮೆರಾ ಕಾವಲು ಹಾಕುವುದಕ್ಕಿಂತ, ನಕಲು ಮಾಡಿದರೆ ಪ್ರಯೋಜನವಾಗದ ಪ್ರಶ್ನೆ ಕೊಡುವುದು ಸುಲಭ. ಹೀಗೆ: ‘ನಿಮ್ಮ ರಿಜಿಸ್ಟರ್ ನಂಬರಿನ ಕೊನೆಯ ಎರಡು ಅಂಕಿಗೆ 100 ಕೂಡಿಸಿ. ಅದು ಒಂದು ಅಂಗಡಿಯಲ್ಲಿ ದಿನಕ್ಕೆ ಮಾರಾಟವಾಗುತ್ತಿದ್ದ ಕೆಜಿ. ಬೆಲೆ ಶೇ 10 ಏರಿದಾಗ ಮಾರಾಟ 15 ಕೆಜಿ ಇಳಿಯಿತು. ಸ್ಥಿತಿಸ್ಥಾಪಕತ್ವ ಎಷ್ಟು? ಅಂಗಡಿಯವನ ಆದಾಯ ಏರಿತೇ, ಇಳಿಯಿತೇ?’

ಕೊನೆಯ ಎರಡು ಅಂಕಿ 50ಕ್ಕಿಂತ ಕಡಿಮೆ ಇದ್ದವರಿಗೆ ಉತ್ತರ 1ಕ್ಕಿಂತ ಹೆಚ್ಚು ಬರುತ್ತದೆ, 50ಕ್ಕಿಂತ ಹೆಚ್ಚಿದ್ದವರಿಗೆ 1ಕ್ಕಿಂತ ಕಡಿಮೆ. ಉತ್ತರ 1ಕ್ಕಿಂತ ಹೆಚ್ಚಿದ್ದರೆ ಆದಾಯ ಇಳಿಯುತ್ತದೆ, ಕಡಿಮೆಯಿದ್ದರೆ ಏರುತ್ತದೆ ಎಂಬ ಪಠ್ಯದ ನಿಯಮದಂತೆ ಒಂದೇ ತರಗತಿಯಲ್ಲಿ ಎರಡು ತೀರ್ಮಾನ ಸಿಕ್ಕವು. ಇನ್ನೂ ಒಂದು ತಮಾಷೆ ಇದೆ. 51ರಿಂದ 64ರೊಳಗಿನ ನಂಬರಿನವರು ‘1ಕ್ಕಿಂತ ಕಡಿಮೆ, ಆದ್ದರಿಂದ ಆದಾಯ ಏರಬೇಕು’ ಎಂದುಕೊಂಡು ಗುಣಿಸಿ ನೋಡಿದರೆ ಆದಾಯ ಇಳಿದಿರುತ್ತದೆ. ಉದಾಹರಣೆಗೆ 63: ಸ್ಥಿತಿಸ್ಥಾಪಕತ್ವ 0.92, ಹಳೆಯ ಮಾರಾಟ 163 ಕೆಜಿ, ಹಳೆಯ ಬೆಲೆಯನ್ನು 1 ಎಂದಿಟ್ಟುಕೊಂಡರೆ ಆದಾಯವೂ 163. ಹೊಸದು 148 ಕೆಜಿ, ಬೆಲೆ 1.1 ಪಟ್ಟು, ಒಟ್ಟು 162.8. ಮೊದಲಿನ ಬೆಲೆಯನ್ನೇ ಆಧಾರವಾಗಿಟ್ಟು ಶೇಕಡಾವಾರು ತೆಗೆದರೆ ಹೀಗಾಗುತ್ತದೆ. ಎರಡು ಬೆಲೆಗಳ ಸರಾಸರಿ, ಎರಡು ಪ್ರಮಾಣಗಳ ಸರಾಸರಿಯ ಮೇಲೆ ತೆಗೆದರೆ ಅದೇ ವಿದ್ಯಾರ್ಥಿಗೆ 1.01 ಬರುತ್ತದೆ, ಗೊಂದಲ ಬಗೆಹರಿಯುತ್ತದೆ. ಪಠ್ಯದಲ್ಲಿ ಈ ಸರಾಸರಿ ವಿಧಾನ ಏಕೆ ಇದೆ ಎಂದು ಕೇಳುವ ವಿದ್ಯಾರ್ಥಿ ಆಗ ಸಿಗುತ್ತಾನೆ. ನಿಮ್ಮ ಉತ್ತರಗಳನ್ನು ಸ್ಪ್ರೆಡ್‌ಶೀಟಿನಲ್ಲಿ ಒಂದು ಸೂತ್ರ ಹಾಕಿ ಮೊದಲೇ ತೆಗೆದಿಟ್ಟುಕೊಳ್ಳಿ, ತಿದ್ದುವುದು ಸುಲಭ.

ಚಾಟ್‌ಜಿಪಿಟಿಗೆ ಕೊಟ್ಟರೆ ಈ ಲೆಕ್ಕವನ್ನೂ ಮಾಡೀತು. ಹಾಗಾಗಿ ಲೆಕ್ಕದ ಜೊತೆ ಒಂದೂವರೆ ನಿಮಿಷದ ವಾಯ್ಸ್ ನೋಟ್ ಕೇಳಿ: ‘ನಿಮ್ಮ ಉತ್ತರವನ್ನು ಅಂಗಡಿಯವನಿಗೆ ಅರ್ಥವಾಗುವಂತೆ ಹೇಳಿ.’ ಓದಿದ್ದಕ್ಕೂ ತಿಳಿದು ಹೇಳಿದ್ದಕ್ಕೂ ವ್ಯತ್ಯಾಸ ಮೊದಲ ಇಪ್ಪತ್ತು ಸೆಕೆಂಡಿನಲ್ಲೇ ಗೊತ್ತಾಗುತ್ತದೆ. ಎಐ ಬರೆದದ್ದೋ ಅಲ್ಲವೋ ಎಂದು ಹೇಳುವ ಪತ್ತೆ ತಂತ್ರಾಂಶಗಳ ಮಾತು ನಂಬಿ ಯಾರ ಅಂಕವನ್ನೂ ಕಡಿಯಬೇಡಿ. ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಸಂಸ್ಥೆಯೇ ತನ್ನ ಪತ್ತೆ ಸಾಧನವನ್ನು ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು.

ತಿದ್ದುವಾಗ ಎಪ್ಪತ್ತು ಜನರಿಗೂ ಬೇರೆ ಬೇರೆ ಬರೆಯಲು ಹೋದರೆ ಎರಡನೇ ವಾರಕ್ಕೇ ಸುಸ್ತಾಗುತ್ತೀರಿ. ಪದೇ ಪದೇ ಬರುವ ಆರೇಳು ತಪ್ಪುಗಳಿಗೆ ಟಿಪ್ಪಣಿ ಬರೆದು ನಂಬರು ಕೊಟ್ಟಿಟ್ಟುಕೊಳ್ಳಿ. ಉತ್ತರಪತ್ರಿಕೆಯಲ್ಲಿ ನಂಬರು ಹಾಕಿದರಾಯಿತು. ಒಂದು ವಾರದೊಳಗೆ ಹಿಂದಿರುಗಿಸಿ. ತಿಂಗಳ ನಂತರ ಬಂದ ಟಿಪ್ಪಣಿಯನ್ನು ಯಾರೂ ಓದುವುದಿಲ್ಲ.

9. ಎರಡು ಕೆಲಸ ತಪ್ಪಿಸಿದವರಿಗೆ ಫೋನು

ಆನ್‌ಲೈನಿನಲ್ಲಿ ಬಿಟ್ಟುಹೋಗುವವರು ಸದ್ದಿಲ್ಲದೆ ಹೋಗುತ್ತಾರೆ. ಸತತ ಎರಡು ಟೆಸ್ಟು ಮಾಡದವರ ಪಟ್ಟಿಯನ್ನು ಪ್ರತಿ ಶುಕ್ರವಾರ ತೆಗೆಯಿರಿ. ಮೂರನೆಯದಕ್ಕೆ ಕಾಯಬೇಡಿ. ‘ಯಾಕಮ್ಮ, ಟೆಸ್ಟು ಮಾಡಿಲ್ಲ?’ ಎಂಬ ವಿಚಾರಣೆಯ ದನಿ ಬೇಡ. ‘ಎರಡು ವಾರದಿಂದ ಕಾಣಲಿಲ್ಲ, ಫೋನು ಸರಿಯಿದೆಯಾ?’ ಎಂದು ಶುರುಮಾಡಿದರೆ ನಿಜವಾದ ಕಾರಣ ಹೊರಬರುತ್ತದೆ: ಡಿಸ್‌ಪ್ಲೇ ಒಡೆದಿದೆ, ಪಾಸ್‌ವರ್ಡ್ ಮರೆತಿದೆ, ಗಾರ್ಮೆಂಟ್ಸ್‌ಗೆ ಸೇರಿದ್ದಾಳೆ, ಮದುವೆ ಗೊತ್ತಾಗಿದೆ. ಮೊದಲೆರಡನ್ನು ನೀವು ಅಂದೇ ಪರಿಹರಿಸಬಹುದು. ಕೆಲಸಕ್ಕೆ ಸೇರಿದವಳಿಗೆ ಗಡುವು ಭಾನುವಾರಕ್ಕೆ ಸರಿಸಬಹುದು. ಕೊನೆಯದಕ್ಕೆ ವಿಭಾಗದ ಹಿರಿಯ ಮೇಡಂ ಒಬ್ಬರು ಮನೆಯವರ ಜೊತೆ ಮಾತಾಡಿದರೆ ಪರೀಕ್ಷೆಯವರೆಗಾದರೂ ಓದು ಉಳಿಯುವುದುಂಟು.

ಸೆಮಿಸ್ಟರ್ ಆಗಲೇ ಶುರುವಾಗಿದ್ದರೆ

ಎಲ್ಲವನ್ನೂ ಒಟ್ಟಿಗೆ ಬದಲಾಯಿಸಲು ಹೋಗಬೇಡಿ. ಐದನೇ ಹಂತದ ಟೆಸ್ಟು, ಆರನೆಯದರ ಚಾಟ್ ಕ್ರಮ, ಇವೆರಡನ್ನು ಮುಂದಿನ ಯೂನಿಟ್‌ಗೆ ಹಿಡಿದುಕೊಳ್ಳಿ. ವಿಡಿಯೊ ಬೇಸಿಗೆ ರಜೆಯಲ್ಲಿ ಮಾಡಿದರೂ ನಡೆಯುತ್ತದೆ. ಅಲ್ಲಿಯವರೆಗೆ ಸ್ವಯಂನಲ್ಲೋ ಬೇರೆ ಕಡೆಯೋ ಇರುವ ಒಳ್ಳೆಯ ವಿಡಿಯೊದ ಲಿಂಕ್ ಕೊಟ್ಟು, ಎಷ್ಟನೇ ನಿಮಿಷದಿಂದ ಎಷ್ಟನೇ ನಿಮಿಷದವರೆಗೆ ನೋಡಬೇಕು ಎಂದು ಬರೆಯಿರಿ. ನೀವೇ ಹಿಡಿಯುವಾಗ ‘ಮುಂದಿನ ಸೋಮವಾರ’, ‘ಈ ಸಲದ ಇಂಟರ್ನಲ್ಸ್‌ಗೆ’, ‘ಯೂನಿಟ್ ಮೂರರಲ್ಲಿ’ ಎಂಬ ಮಾತುಗಳನ್ನು ವಿಡಿಯೊದಲ್ಲಿ ಆಡಬೇಡಿ, ಅವು ವಾರದ ಪ್ರಕಟಣೆಯಲ್ಲಿರಲಿ. ಸಿಲಬಸ್ ಬದಲಾದಾಗ ಯೂನಿಟ್‌ನ ನಂಬರು ಹೋಗುತ್ತದೆ, ಪಾಠ ಹೋಗುವುದಿಲ್ಲ. ಕಡತದ ಹೆಸರನ್ನೂ ‘ಯೂನಿಟ್ 3 ಭಾಗ 2’ ಎಂದು ಇಡದೆ ‘ಸ್ಥಿತಿಸ್ಥಾಪಕತ್ವ – ಆದಾಯದ ಪ್ರಶ್ನೆ’ ಎಂದು ವಿಷಯದ ಹೆಸರಿನಲ್ಲೇ ಇಡಿ.